ಅವ್ವನ ಎದೆಯುರಿ, ಆಂಬುಲೆನ್ಸಿನ ಸಿಟ್ಟು

ಪ್ರಶ್ನೆ: ನಾನು ಹುಮನಾಬಾದ್ ಕಡೆಯವನು, ವಯಸ್ಸು 29. ಹೈದರಾಬಾದಿನ ಲಿಂಗಂಪಲ್ಲಿಯಲ್ಲಿ ರೂಮು ಮಾಡಿಕೊಂಡು ಆಂಬುಲೆನ್ಸಿನಲ್ಲಿ ಇಎಂಟಿ (ತುರ್ತು ಚಿಕಿತ್ಸೆ ಕೊಡುವವನು) ಆಗಿದ್ದೇನೆ. ರಕ್ತ ಕಂಡು ಹೆದರುವವನಲ್ಲ, ನೈಟ್ ಡ್ಯೂಟಿಯೂ ಅಭ್ಯಾಸವಾಗಿದೆ. ನನಗೆ ಸಾಕಾಗಿರುವುದು ಜನ. ಮಳೆ ಬಂದರೆ ಇಲ್ಲಿನ ರೈಲ್ವೆ ಅಂಡರ್‌ಬ್ರಿಡ್ಜಿನಲ್ಲಿ ನೀರು ನಿಲ್ಲುತ್ತದೆ. ಸುತ್ತು ಹಾಕಿ ಹೋಗುವಷ್ಟರಲ್ಲಿ ‘ಇಷ್ಟೊತ್ತು ಎಲ್ಲಿ ಸತ್ತಿದ್ದಿರಿ’ ಎಂದು ಕಾಲರ್ ಹಿಡಿಯುತ್ತಾರೆ. ಎರಡು ದಿನದ ಜ್ವರಕ್ಕೆ ಆಟೊ ಕರೆದ ಹಾಗೆ ನಮ್ಮನ್ನು ಕರೆಯುತ್ತಾರೆ. ಆಕ್ಸಿಡೆಂಟ್ ಆದ ಕಡೆ ಎಲ್ಲರ ಕೈಯಲ್ಲೂ ಫೋನು, ಸ್ಟ್ರೆಚರಿಗೆ ಕೈ ಕೊಡಲು ಯಾರೂ ಇಲ್ಲ. ಕುಡಿದವನೊಬ್ಬ ನನ್ನ ಕೆನ್ನೆಗೆ ಹೊಡೆದ. ಒಂದು ಆಸ್ಪತ್ರೆಯಲ್ಲಂತೂ ಬೆಡ್ ಇಲ್ಲವೆಂದು ಪೇಷಂಟ್ ಸಮೇತ ಬಾಗಿಲಲ್ಲೇ ನಿಲ್ಲಿಸಿಕೊಳ್ಳುತ್ತಾರೆ. ಡ್ಯೂಟಿ ಮುಗಿಸಿ ಮಲಗಿದರೆ ಬಿಪಿ ನೋಡು ಎಂದು ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ. ಊರಿಗೆ ಮದುವೆಗೆ ಹೋದರೆ ಕಾಕಾ ಊಟದ ಪಂಕ್ತಿಯಲ್ಲೇ ‘ಇವತ್ತು ಎಷ್ಟು ಹೆಣ ಎತ್ತಿದಿ?’ ಅಂತಾನೆ. ‘ಡ್ರೈವರನಿಗೆ ಹೆಣ್ಣು ಕೊಡಲ್ಲ’ ಎಂದು ಒಂದು ಸಂಬಂಧವೂ ತಪ್ಪಿತು. ಮೊನ್ನೆ ಅವ್ವ ಫೋನಿನಲ್ಲಿ ‘ಎದಿ ಉರಿತದ, ಕುತ್ತಿಗಿ ಜಗ್ಗಿದಂಗ ಆಗ್ತದ’ ಅಂದಳು. ‘ಏನ್ ಸಾಯಂಗಿಲ್ಲ ಬಿಡು’ ಅಂದುಬಿಟ್ಟೆ. ಕೆಲಸ ಬಿಡಲೇ?

— ಹೆಸರು ಬೇಡ, ಲಿಂಗಂಪಲ್ಲಿ

ಉತ್ತರ: ನಿಮ್ಮ ಪತ್ರದಲ್ಲಿ ಊರವರ ತಪ್ಪಿಗೆ ಪುಟಗಟ್ಟಲೆ ಜಾಗ ಸಿಕ್ಕಿದೆ, ಅವ್ವನಿಗೆ ಸಿಕ್ಕಿದ್ದು ಎರಡೇ ಸಾಲು. ನಾನು ಆ ಎರಡು ಸಾಲಿನಿಂದಲೇ ಶುರುಮಾಡುತ್ತೇನೆ. ವಯಸ್ಸಾದ ಹೆಂಗಸು ಎದೆಯುರಿ, ಕುತ್ತಿಗೆ ಸೆಳೆತ ಅಂದರೆ ಏನು ಮಾಡಬೇಕೆಂದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಹೃದಯಾಘಾತ ಸಿನಿಮಾದಲ್ಲಿ ತೋರಿಸುವಂತೆ ಎದೆ ಹಿಡಿದು ಬೀಳುವ ಹಾಗೇ ಬರಬೇಕೆಂದಿಲ್ಲ. ಇದೇ ಮಾತನ್ನು ಚಂದಾನಗರದ ಯಾವುದೋ ಮನೆಯಲ್ಲಿ ಕೇಳಿದ್ದರೆ ನೀವು ಆಕೆಯನ್ನು ಗಾಡಿ ಹತ್ತಿಸುತ್ತಿದ್ದಿರಿ. ಅವ್ವನಿಗೆ ಕೂಡಲೇ ಇಸಿಜಿ ಮಾಡಿಸಿ. ಅಂಕಣ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವೆಂದು ಇಷ್ಟು ಭಾಗವನ್ನು ನಿಮಗೆ ಮೊದಲೇ ಕಳಿಸಿದ್ದೇನೆ.

ಜನರ ಮೇಲೆ ಸಿಟ್ಟು ಬಂದಿದೆ ಎನ್ನುತ್ತೀರಿ. ಬರಲಿ, ಕೆನ್ನೆಗೆ ಹೊಡೆಸಿಕೊಂಡವನಿಗೆ ಸಿಟ್ಟು ಬಾರದಿದ್ದರೇ ನಾನು ಗಾಬರಿಯಾಗುತ್ತಿದ್ದೆ. ನನಗೆ ಚಿಂತೆ ಹುಟ್ಟಿಸಿದ್ದು ‘ಸಾಯಂಗಿಲ್ಲ ಬಿಡು’ ಎಂಬ ಮಾತು. ಅದರಲ್ಲಿ ಸಿಟ್ಟೂ ಉಳಿದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಮ್ಯಾಸ್ಲಾಕ್ ನರ್ಸು, ವೈದ್ಯ, ಸಮಾಜ ಕಾರ್ಯಕರ್ತರಂಥವರನ್ನು ಮಾತಾಡಿಸಿ, 1981ರಲ್ಲಿ ಸಹೋದ್ಯೋಗಿಯೊಬ್ಬರೊಂದಿಗೆ ಬರ್ನ್‌ಔಟ್ ಅಳೆಯುವ ಪ್ರಶ್ನಾವಳಿ ಪ್ರಕಟಿಸಿದರು. ಅದು ಮೂರು ಸಂಗತಿ ಕೇಳುತ್ತದೆ: ಮನಸ್ಸು ಬಸವಳಿದಿದೆಯೇ, ಎದುರಿನ ಮನುಷ್ಯ ಬರೀ ಒಂದು ಕೇಸಿನಂತೆ ಕಾಣುತ್ತಾನೆಯೇ, ಮಾಡಿದ ಕೆಲಸಕ್ಕೆ ಬೆಲೆಯಿಲ್ಲ ಅನ್ನಿಸುತ್ತಿದೆಯೇ. ಎರಡನೆಯದು ಡ್ಯೂಟಿಯಿಂದ ನಿಮ್ಮ ಹಿಂದೆಯೇ ಮನೆಗೆ ಬಂದಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ರೋಗವೆಂದು ಕರೆಯದೆ ಉದ್ಯೋಗಕ್ಕೆ ಅಂಟಿದ ಸ್ಥಿತಿಯೆಂದು ವಿವರಿಸಿತು. ಹಾಗಾಗಿ ಇದನ್ನು ನಿಮ್ಮ ಗುಣದೋಷವೆಂದು ಹಚ್ಚಿಕೊಳ್ಳಬೇಡಿ. ಹಾಗೆಂದು ತಾನಾಗಿಯೇ ಹೋಗುತ್ತದೆಂದು ಕೂರಲೂಬೇಡಿ.

ಇನ್ನು ಜನ. ನೀವು ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟಿದ್ದೀರಿ. ಸುಮ್ಮನೆ ನಿಂತು ನೋಡುವ ಗುಂಪಿನ ವಿಷಯದಲ್ಲಿ ನನಗೆ ನಿಮ್ಮಷ್ಟು ಸಿಟ್ಟಿಲ್ಲ. 1968ರಲ್ಲಿ ಡಾರ್ಲಿ ಮತ್ತು ಲಟಾನೆ ಎಂಬ ಇಬ್ಬರು ಸಂಶೋಧಕರು ಪ್ರಯೋಗ ಮಾಡಿ ನೋಡಿದರು. ಆಪತ್ತು ಕಂಡವರ ಸಂಖ್ಯೆ ಹೆಚ್ಚಿದಷ್ಟೂ ಒಬ್ಬೊಬ್ಬನೂ ಮುಂದೆ ಬರುವುದು ಕಡಿಮೆಯಾಗುತ್ತದೆ, ಬೇರೆ ಯಾರಾದರೂ ಹೋಗುತ್ತಾರೆ ಎಂದುಕೊಂಡು. ‘ಯಾರಾದರೂ ಬನ್ನಿ’ ಎಂದು ಕೂಗಿದರೆ ಯಾರೂ ಬಾರದಿರುವುದು ಅದಕ್ಕೇ. ಒಬ್ಬನನ್ನು ಗುರಿಮಾಡಿ ತೆಲುಗಿನಲ್ಲೇ ಕೆಲಸ ಹೇಳಿ: ‘ಬ್ಲೂ ಷರ್ಟ್ ಅನ್ನಾ, ಗೇಟ್ ಪಟ್ಟುಕೋ (ಹಿಡಿದುಕೋ).’ ಲಿಫ್ಟ್ ತಡೆದು ನಿಲ್ಲಿಸಲು ಒಬ್ಬ, ಹಳೆಯ ರಿಪೋರ್ಟು, ಮಾತ್ರೆ ಚೀಟಿ ತರಲು ಮನೆಯವರಲ್ಲೇ ಅತಿ ಹೆಚ್ಚು ಕೂಗಾಡುತ್ತಿರುವವರು. ಕೈಗೆ ಕೆಲಸ ಸಿಕ್ಕರೆ ಬಾಯಿ ತಗ್ಗುವುದುಂಟು. ವಿಡಿಯೊ ಮಾಡುವವನಿಗೆ ‘ಆ ಫೋನಿನ ಟಾರ್ಚ್ ಇಲ್ಲಿ ಹಿಡಿ’ ಅನ್ನಿ. ಟಾರ್ಚ್ ಹಿಡಿದವನು ಗಾಯದ ಪಕ್ಕದಲ್ಲೇ ನಿಲ್ಲಬೇಕಾಗುತ್ತದೆ.

ಕೆಲವರು ದೂರ ನಿಲ್ಲುವುದು ಪೊಲೀಸ್ ಠಾಣೆ, ಕೋರ್ಟಿನ ಭಯಕ್ಕೆ. ಗಾಯಾಳುವಿಗೆ ನೆರವಾದವರನ್ನು ಸತಾಯಿಸದಂತೆ ಸುಪ್ರೀಂ ಕೋರ್ಟು 2016ರಲ್ಲೇ ಮಾರ್ಗಸೂಚಿಗೆ ಒಪ್ಪಿಗೆ ಕೊಟ್ಟಿತು. 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಗೆ ಅಂಥವರನ್ನು ರಕ್ಷಿಸುವ 134ಎ ಕಲಮೂ ಸೇರಿತು. ‘ಹೆಸರು ಹೇಳಬೇಕಿಲ್ಲ, ಒಂದು ಕೈ ಕೊಡಿ’ ಎಂದು ಧೈರ್ಯವಾಗಿ ಹೇಳಬಹುದು.

ಹೊಡೆದವನ ಲೆಕ್ಕ ಬೇರೆ. ಅವನನ್ನು ಅರ್ಥಮಾಡಿಕೊಳ್ಳಿ ಎಂದು ನಾನು ಹೇಳುವುದಿಲ್ಲ. ಪ್ಯಾರಾಮೆಡಿಕಲ್ ಸಿಬ್ಬಂದಿಯನ್ನೂ ಒಳಗೊಂಡಂತೆ ವೈದ್ಯಕೀಯ ಸೇವೆಯವರ ಮೇಲಿನ ಹಲ್ಲೆಗೆಂದೇ 2008ರಲ್ಲಿ, ಆಂಧ್ರ ಒಂದಾಗಿದ್ದಾಗ, ಕಾಯ್ದೆ ಬಂದಿದೆ. ನಿಮ್ಮ ಪೈಲಟನ್ನು, ಅಂದರೆ ಆಂಬುಲೆನ್ಸ್ ಓಡಿಸುವವರನ್ನು, ಸಾಕ್ಷಿ ಮಾಡಿಕೊಂಡು ಅದೇ ದಿನ ಲಿಖಿತ ದೂರು ಕೊಡಿ, ಪ್ರತಿ ಇಟ್ಟುಕೊಳ್ಳಿ. ನುಂಗಿಕೊಂಡ ಏಟು ಮುಂದಿನ ಪೇಷಂಟಿನ ಮೇಲೆ, ಇಲ್ಲವೇ ಅವ್ವನ ಮೇಲೆ ಹೊರಬೀಳುತ್ತದೆ. ಆಸ್ಪತ್ರೆಯ ಬಾಗಿಲಲ್ಲಿ ಕಾಯಿಸುವುದು ಮೇಲಧಿಕಾರಿಗಳು ಬಗೆಹರಿಸಬೇಕಾದದ್ದು. ತಲುಪಿದ ಸಮಯ, ಪೇಷಂಟನ್ನು ಒಪ್ಪಿಸಿದ ಸಮಯ ಬರೆದಿಟ್ಟು ಅವರ ಮುಂದಿಡಿ.

‘ಡ್ರೈವರ್’ ಎಂಬ ಮಾತು ನಿಮ್ಮನ್ನು ಚುಚ್ಚಿದೆ. ನಿಮ್ಮ ಪೈಲಟ್ ಈ ಪತ್ರ ಓದಿದರೆ ಅವರಿಗೇನನ್ನಿಸೀತು ಎಂಬುದು ಒಂದು ಕಡೆಗಿರಲಿ. ಹಿಂದೆ ಕೂತವನು ದಾರಿಯಲ್ಲೇ ಚಿಕಿತ್ಸೆ ಕೊಡುತ್ತಾನೆ ಎಂಬುದು ನಮ್ಮ ಜನಕ್ಕೆ ತೀರಾ ಹೊಸದು. 108 ನೀವಿರುವ ಹೈದರಾಬಾದಿನಲ್ಲೇ ಶುರುವಾದದ್ದು 2005ರ ಆಗಸ್ಟ್ 15ಕ್ಕೆ, ಕರ್ನಾಟಕದಲ್ಲಿ ಆರೋಗ್ಯ ಕವಚವಾಗಿ 2008ರ ನವೆಂಬರ್ 1ಕ್ಕೆ. ನಿಮ್ಮ ಕಾಕಾ ಬೆಳೆದ ಕಾಲದಲ್ಲಿ ಆಂಬುಲೆನ್ಸ್ ಅಂದರೆ ಸಾಗಿಸುವ ವ್ಯಾನು ಅಷ್ಟೇ. ಅಮೆರಿಕದಲ್ಲೂ 1960ರ ದಶಕದವರೆಗೆ ಅನೇಕ ಊರುಗಳಲ್ಲಿ ಹೆಣ ಸಾಗಿಸುವ ಗಾಡಿಯವರೇ ರೋಗಿಯನ್ನೂ ಒಯ್ಯುತ್ತಿದ್ದರು. ಪಿಟ್ಸ್‌ಬರ್ಗಿನಲ್ಲಿ ಫ್ರೀಡಂ ಹೌಸ್ ಎಂಬ ಸೇವೆ 1967ರಲ್ಲಿ ಹುಟ್ಟಿ, ಕರಿಯ ಯುವಕರು ಪ್ಯಾರಾಮೆಡಿಕ್‌ಗಳಾಗಿ ತರಬೇತಾದ ಮೇಲೂ ಅವರಿಗೆ ಸುಲಭಕ್ಕೆ ಮರ್ಯಾದೆ ಸಿಗಲಿಲ್ಲ.

ಹೆಣದ ಕಥೆ ಹೇಳುವ ಕರ್ತವ್ಯ ಮಾತ್ರ ನಿಮಗಿಲ್ಲ. ಕಂಡದ್ದನ್ನೆಲ್ಲ ಒಂದೇ ಸಲ ಕಕ್ಕಿಸಿದರೆ ಮನಸ್ಸು ಹಗುರಾಗುತ್ತದೆ ಎಂಬ ನಂಬಿಕೆಗೂ ಸಂಶೋಧನೆಯ ಬೆಂಬಲ ಸಿಕ್ಕಿಲ್ಲ, ಕೆಲವರಿಗೆ ಅದು ಕೆಟ್ಟದ್ದೇ ಮಾಡೀತು. ‘ಕಾಕಾ, ಆ ಮಾತು ಊಟದಾಗ ಬ್ಯಾಡ. ಊಟ ಆದ ಮ್ಯಾಲ ಎಲ್ಲಾರೂ ಕುಂದರ್ರಿ, ಎದಿ ಒತ್ತೋದು ಕಲಿಸ್ತೀನಿ’ ಅಂದು ನೋಡಿ. ಎದೆಯ ನಡುವೆ ಐದಾರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದರೊಳಗೆ ಕಾಕಾನ ಕುತೂಹಲ ಮುಗಿದಿರುತ್ತದೆ. ಪಕ್ಕದ ಮನೆಯವರಿಗೆ ಭಾನುವಾರ ಸಂಜೆ ಬಿಪಿ ನೋಡುತ್ತೇನೆಂದು ಹೇಳಿ ಉಳಿದ ದಿನ ಬಾಗಿಲು ತೆರೆಯಬೇಡಿ. ತುರ್ತಾದರೆ 108 ಇದೆಯಲ್ಲ!

ಕೆಲಸ ಬಿಡಲೇ ಅಂದಿರಿ. ಈಗ ತೀರ್ಮಾನಿಸಬೇಡಿ, ನಿದ್ದೆಗೆಟ್ಟವನ ತೀರ್ಮಾನವನ್ನು ನಾನು ನಂಬುವುದಿಲ್ಲ. ಮೊದಲು ರಜೆ ಹಾಕಿ ಬೀದರಿನ ರೈಲು ಹತ್ತಿ. ಅಲ್ಲಿಂದ ಮನೆಗೆ ಹೋಗಿ ಅವ್ವನ ಹತ್ತಿರ ತಪ್ಪಾಯಿತು ಅನ್ನಿ, ಹೆಚ್ಚು ವಿವರಿಸಬೇಕಿಲ್ಲ. ಮರಳಿದ ಮೇಲೂ ಎದುರಿನವರು ಕೇಸಿನಂತೆಯೇ ಕಂಡರೆ, ನಿದ್ದೆ ಬಾರದಿದ್ದರೆ, ಕುಡಿತ ಹೆಚ್ಚಿದರೆ ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಿ. ಬದುಕೇ ಬೇಡವೆನ್ನಿಸಿದರೆ ಅಷ್ಟೂ ಕಾಯಬೇಡಿ, ಆ ಗಳಿಗೆಯಲ್ಲೇ ಮಾಡಿ. ಅದು ಕೇಂದ್ರ ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸೇವೆ, ಕನ್ನಡದಲ್ಲೂ ಮಾತಾಡುತ್ತಾರೆ. ಕಾಲ್ ಸೆಂಟರಿಗೋ ತರಬೇತಿ ವಿಭಾಗಕ್ಕೋ ಕೆಲವು ತಿಂಗಳ ಮಟ್ಟಿಗೆ ಹಾಕುತ್ತಾರೆಯೇ ಎಂದು ಆಫೀಸಿನಲ್ಲಿ ವಿಚಾರಿಸಿ. ಆಗುವುದಿಲ್ಲ ಅಂದರೆ ಇನ್ನೊಂದು ಪತ್ರ ಬರೆಯಿರಿ, ಬಿಡುವ ಮಾತನ್ನು ಆಗ ಆಡೋಣ.