ಟ್ರ್ಯಾಕ್ಟರ್ ಟೈರಿಗೆ ನೀರಿನ ಭಾರ: ಲಾಭ-ನಷ್ಟದ ಲೆಕ್ಕ

ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸುವವರ ಖರ್ಚಿನ ಪುಸ್ತಕದಲ್ಲಿ ಡೀಸೆಲ್, ದುರಸ್ತಿ, ಚಾಲಕನ ಸಂಬಳ, ಟೈರು ಇವೆಲ್ಲಕ್ಕೂ ಪ್ರತ್ಯೇಕ ಖಾತೆಗಳಿರುತ್ತವೆ. ಚಕ್ರವು ಮಣ್ಣಿನಲ್ಲಿ ಜಾರಿ ವ್ಯರ್ಥವಾಗಿ ಸುತ್ತುವುದರಿಂದಾಗುವ ನಷ್ಟಕ್ಕೆ ಮಾತ್ರ ಖಾತೆಯಿಲ್ಲ. ಅದು ಡೀಸೆಲ್ ಬಾಬ್ತಿನಲ್ಲಿಯೇ ಅಡಗಿರುತ್ತದೆ. ಹಿಂದಿನ ಟೈರುಗಳ ಟ್ಯೂಬಿಗೆ ನೀರು ತುಂಬಿಸುವ ಹಳೆಯ ಪದ್ಧತಿಯು ಈ ನಷ್ಟವನ್ನು ತಗ್ಗಿಸುವ ಉಪಾಯವಾಗಿದೆ.

ಜಾರಿಕೆಯನ್ನು ಅಳೆಯುವುದು ಕಷ್ಟವಲ್ಲ. ಹಿಂಚಕ್ರಕ್ಕೆ ಸುಣ್ಣದ ಗುರುತು ಹಾಕಿ, ನೇಗಿಲನ್ನು ಮೇಲೆತ್ತಿ 10 ಸುತ್ತಿಗೆ ಸಾಗಿದ ದೂರವನ್ನೂ, ನೇಗಿಲನ್ನು ಊರಿ ಅಷ್ಟೇ ಸುತ್ತಿಗೆ ಸಾಗಿದ ದೂರವನ್ನೂ ಟೇಪಿನಿಂದ ಅಳೆಯಬೇಕು. ಮೊದಲನೆಯದು 42 ಮೀಟರ್, ಎರಡನೆಯದು 33.6 ಮೀಟರ್ ಇದ್ದರೆ ಜಾರಿಕೆ ಶೇ. 20 ಆಯಿತು. ಹೊಲದಲ್ಲಿ ಸುಮಾರು ಶೇ. 10ರಿಂದ 15ರವರೆಗಿನ ಜಾರಿಕೆ ಸಹಜ. ಅದನ್ನು ಸೊನ್ನೆಗೆ ತರಲು ಹೊರಟರೆ ಗೇರು ಹಾಗೂ ಆಕ್ಸಲ್‌ಗಳ ಮೇಲೆ ಅತಿಯಾದ ಒತ್ತಡ ಬೀಳುತ್ತದೆ.

ಪ್ರತಿ ಟೈರಿಗೆ 200 ಲೀಟರ್ ನೀರು ಹಿಡಿಯಿತೆಂದು ಭಾವಿಸಿದರೆ ಎರಡು ಚಕ್ರಗಳಿಗೆ 400 ಕಿಲೋ ಭಾರ ಕೂಡುತ್ತದೆ. ಇದರಿಂದ ಜಾರಿಕೆಯು ಶೇ. 20ರಿಂದ 12ಕ್ಕೆ ಇಳಿದರೆ, 300 ಗಂಟೆಗಳ ಉಳುಮೆಯು ಸುಮಾರು 273 ಗಂಟೆಗಳಲ್ಲಿ ಮುಗಿಯುತ್ತದೆ. ಗಂಟೆಗೆ 5 ಲೀಟರ್ ಡೀಸೆಲ್, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ ಉಳಿತಾಯ ಸುಮಾರು 12,000 ರೂಪಾಯಿ. ಎಕರೆಯ ಲೆಕ್ಕದಲ್ಲಿ ಬಾಡಿಗೆ ಪಡೆಯುವ ಮಾಲೀಕನಿಗೆ ಇದು ನೇರ ಲಾಭ. ಗಂಟೆಯ ಲೆಕ್ಕವಾದರೆ ನಷ್ಟ ರೈತನದು; ಆದರೆ ಆ ರೈತ ಮುಂದಿನ ಹಂಗಾಮಿಗೆ ಬೇರೆಯವರ ಟ್ರ್ಯಾಕ್ಟರನ್ನು ಕರೆದಾನು.

ಎರಕದ ಕಬ್ಬಿಣದ ತೂಕಗಳನ್ನೂ ಅಳವಡಿಸಬಹುದು. ಅವುಗಳಿಗೆ ಬಂಡವಾಳ ಬೇಕು. ಆದರೆ ಬೇಕಾದಾಗ ಬಿಚ್ಚಿಡಬಹುದು, ಮಾರಿದರೆ ಬೆಲೆಯೂ ಬರುತ್ತದೆ. ರೈತರ ಹೊಲ ಉಳುವ ಸೇವೆಗೆ ಜಿಎಸ್‌ಟಿ ವಿನಾಯಿತಿ ಇರುವುದರಿಂದ, ಆ ಕೆಲಸದ ಮಟ್ಟಿಗೆ ಖರೀದಿಯ ಮೇಲಿನ ತೆರಿಗೆಯು ಹುಟ್ಟುವಳಿಯಾಗದೆ ಖರ್ಚಿಗೇ ಸೇರುತ್ತದೆ ಎಂಬುದನ್ನು ಮರೆಯಬಾರದು.

ನೀರು ತುಂಬಿಸುವಾಗ ಚಕ್ರವನ್ನು ಜಾಕಿನಿಂದ ಎತ್ತಿ, ವಾಲ್ವನ್ನು ಮೇಲ್ತುದಿಗೆ ತಂದು, ನೀರು ವಾಲ್ವಿನ ಮಟ್ಟಕ್ಕೆ ಬಂದೊಡನೆ ನಿಲ್ಲಿಸಬೇಕು. ಆಗ ಟೈರು ಮುಕ್ಕಾಲು ಭಾಗ ತುಂಬಿರುತ್ತದೆ. ಉಳಿದ ಜಾಗದಲ್ಲಿ ಗಾಳಿಯೇ ಇರಬೇಕು. ಪೂರ್ತಿ ನೀರು ತುಂಬಿದ ಟೈರು ಕಲ್ಲಿನ ಹೊಡೆತಕ್ಕೆ ಬಾಗದೆ ಒಡೆಯುವ ಸಂಭವವುಂಟು. ಚಳಿಯಲ್ಲಿ ನೀರು ಹೆಪ್ಪುಗಟ್ಟುವ ಅಮೆರಿಕ, ಕೆನಡಾಗಳಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸುವ ರೂಢಿಯಿದೆ. ಅದು ಸೋರಿದರೆ ರಿಮ್ಮಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಬಯಲುಸೀಮೆಯಲ್ಲಿ ಆ ಖರ್ಚು ಅನಗತ್ಯ.

ಎಲ್ಲ ಕೆಲಸಕ್ಕೂ ನೀರು ಒಗ್ಗದು. ಕೆಸರುಗದ್ದೆಯಲ್ಲಿ ಹೆಚ್ಚುವರಿ ಭಾರದಿಂದ ಟ್ರ್ಯಾಕ್ಟರ್ ಹೂತುಹೋಗುತ್ತದೆ. ಅಲ್ಲಿಗೆ ಕೇಜ್ ವೀಲ್ ತಕ್ಕುದು. ಹಿಂದೆ ಮಾತ್ರ ಭಾರವಿದ್ದು ಎಳೆತ ಬಲವಾದಾಗ ಮುಂಭಾಗ ಮೇಲೇಳುವ ಅಪಾಯವಿರುವುದರಿಂದ ಮುಂದೆಯೂ ತಕ್ಕ ತೂಕವಿರಬೇಕು. ಪಂಕ್ಚರ್ ಆದಾಗ ನೀರು ತುಂಬಿದ ಚಕ್ರವನ್ನು ಒಬ್ಬನೇ ಬಿಚ್ಚಲು ಹೋಗುವುದು ಜೀವಕ್ಕೇ ಮುಳುವು. ಮೊದಲು ನೀರನ್ನು ಹೊರಬಿಡಬೇಕು.

ಉಳುಮೆ ಮುಗಿದು ಕಬ್ಬಿನ ಟ್ರೇಲರ್ ಎಳೆಯುವ ಕಾಲಕ್ಕೂ ಇದೇ 400 ಕಿಲೋ ರಸ್ತೆಯುದ್ದಕ್ಕೂ ಜೊತೆಗೆ ಸಾಗುತ್ತದೆ. ಅದಕ್ಕೆ ಬಾಡಿಗೆ ಕೊಡುವವರಾರೂ ಇಲ್ಲ. ಆದುದರಿಂದ ವರ್ಷದಲ್ಲಿ ಉಳುಮೆಯ ಗಂಟೆಗಳೆಷ್ಟು, ಸಾಗಾಣಿಕೆಯ ಗಂಟೆಗಳೆಷ್ಟು ಎಂದು ಲಾಗ್ ಪುಸ್ತಕದಿಂದ ಬೇರ್ಪಡಿಸಿದ ಮೇಲೆಯೇ ನೀರು ತುಂಬಿಸುವ ತೀರ್ಮಾನಕ್ಕೆ ಬರುವುದು ಸೂಕ್ತ.