ಮನೆಗೆ ಬಂದ ಬೆಳ್ಳಿ ಸಮೆ

ಪ್ರಶ್ನೆ: ನಾನು ರಾಮಸಮುದ್ರದವನು. ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ದೀಪಾವಳಿಗೆ ಸರಕು ಪೂರೈಸುವವರೊಬ್ಬರು ಊರಿನ ಮನೆಗೇ ಒಂದು ಜೋಡಿ ಬೆಳ್ಳಿ ಸಮೆ ಕಳಿಸಿದ್ದಾರೆ. ಅವರ ಟೆಂಡರ್ ಮುಂದಿನ ತಿಂಗಳು ನನ್ನ ಮುಂದೆ ಬರಲಿದೆ. ಇಂಥದ್ದನ್ನು ತೆಗೆದುಕೊಳ್ಳಬಾರದೆಂದು ಕಂಪನಿಯ ನಿಯಮ. ಅವ್ವ ಆಗಲೇ ಅವನ್ನು ದೇವರ ಮುಂದೆ ಹಚ್ಚಿಟ್ಟಿದ್ದಾಳೆ. ‘ಹಬ್ಬದಾಗ ಬಂದ ಲಕ್ಷ್ಮಿಗಿ ಹೊಳ್ಳಿ ಕಳಸಬಾರದು’ ಅನ್ನುತ್ತಾಳೆ. ‘ಅಮೆರಿಕದವರಿಗಿ ನಮ್ಮ ಪದ್ಧತಿ ಏನ್ ತಿಳಿತದ?’ ಎಂದು ಅಪ್ಪನ ಮಾತು. ಏನು ಮಾಡಲಿ?
– ಹೆಸರು ಬೇಡ

ಉತ್ತರ: ಮೊದಲಿಗೆ, ಅವ್ವನ ಮೇಲೆ ಸಿಟ್ಟಾಗಬೇಡಿ. ಅವರದು ಆಸೆಯಲ್ಲ, ಭಕ್ತಿ. ನಮ್ಮ ಕಡೆ ಸಂಬಂಧ ನಿಲ್ಲುವುದೇ ಕೊಟ್ಟು ತಗೊಳ್ಳುವುದರ ಮೇಲೆ. ಹೊಳ್ಳಿ ಕಳಿಸಿದರೆ ಮುಖಕ್ಕೆ ಹೊಡೆದಂತೆ. ಅಮೆರಿಕದವರು ಇದನ್ನು ಬೇರೆಯಾಗಿ, ಲಂಚದಂತೆ, ನೋಡುತ್ತಾರೆ. ಹಾಗಂತ ಅವರೇನೂ ಹುಟ್ಟಾ ಶುದ್ಧರಲ್ಲ. ಲಾಕ್‌ಹೀಡ್ ವಿಮಾನ ಕಂಪನಿ ಪರದೇಶದ ಅಧಿಕಾರಸ್ಥರಿಗೆ ಲಂಚ ಕೊಟ್ಟದ್ದು ಬಯಲಾದ ಮೇಲೆ, 1977ರಲ್ಲಿ, ಅಂಥ ಲಂಚದ ವಿರುದ್ಧ ಕಾಯ್ದೆ ತಂದರು. ಪೆಟ್ಟು ತಿಂದು ಕಲಿತ ಶಿಸ್ತು ಅದು.

ಇನ್ನು ಅಪ್ಪ ಹೇಳುವ ‘ನಮ್ಮ ಪದ್ಧತಿ’. ಮದುವೆಯಲ್ಲಿ ಆಯೇರಿ ಬಂದರೆ ಹಂದರದಲ್ಲೇ ಒಬ್ಬರು ವಹಿ ಹಿಡಿದು ಕೂತು, ಯಾರದು, ಎಷ್ಟು ಎಂದು ಬರೆದುಕೊಳ್ಳುತ್ತಾರೆ. ಅವರ ಮನೆಯ ಕಾರ್ಯಕ್ಕೆ ನಾವೂ ಮುಟ್ಟಿಸುತ್ತೇವೆ. ಟೆಂಡರ್ ಹಾಕಿದ ಉಳಿದವರೆದುರು ಈ ಸಮೆಗಳನ್ನು ಹಾಗೆ ಬರೆಸಬಲ್ಲಿರಾ? ಆಯೇರಿಯನ್ನು ನಮ್ಮ ಗಂಟಿನಿಂದ ತೀರಿಸುತ್ತೇವೆ. ಇದನ್ನು ನೀವು ತೀರಿಸಬೇಕಾಗುವುದು ಕಂಪನಿಯ ದುಡ್ಡಿನಿಂದ. ಹಾಗಾಗಿ ಇದು ಆಯೇರಿಯಲ್ಲ.

ಅವ್ವನಿಗೆ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸಿ. ನೆರೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಶರಣೆ ಆಕೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಅಲ್ಲೇ ಸುರಿದು ಬಾ ಎಂದು ಹೊಳ್ಳಿ ಕಳಿಸಿದಳು. ಮನೆಗೆ ಬಂದದ್ದನ್ನು ಹೊಳ್ಳಿ ಕಳಿಸುವುದೂ ನಮ್ಮ ಪದ್ಧತಿಯೇ.

ನಾಳೆಯೇ ಮೇಲಧಿಕಾರಿಗೆ ಬರೆದು ತಿಳಿಸಿ. ಆ ಟೆಂಡರನ್ನು ಬೇರೆಯವರಿಗೆ ವಹಿಸಲು ಕೇಳಿ. ಸಮೆಗಳನ್ನು ನೀವೇ ಒಯ್ದು ಕೊಟ್ಟು, ‘ನಿಮ್ಮ ಪ್ರೀತಿಗೆ ಶರಣು. ಈ ಕುರ್ಚಿಯಲ್ಲಿ ಇರೋತನಕ ಇದು ಬೇಡ’ ಎನ್ನಿ; ಮುಟ್ಟಿದ್ದಕ್ಕೆ ಸಹಿ ಪಡೆಯಿರಿ. ಆಮೇಲೆ ನಿಮ್ಮ ಸಂಬಳದಲ್ಲಿ ಅವ್ವನಿಗೆ ಒಂದು ಜೋಡಿ ಹಿತ್ತಾಳೆ ಸಮೆ ಕೊಂಡೊಯ್ಯಿರಿ. ಆ ದೀಪಕ್ಕೆ ಯಾರ ಹಂಗೂ ಇರುವುದಿಲ್ಲ.