ಶಕ್ತಿವರ್ಧಕದ ಪರೀಕ್ಷೆ: ಕಿವಿಯೂ ಅಳತೆಯೂ

ನಮ್ಮ ಹಿರಿಯ ಮಿತ್ರರೊಬ್ಬರು ಅಧ್ಯಾಪಕ ವೃತ್ತಿಯಿಂದ ನಿವೃತ್ತರಾದವರು. ಸಂಗೀತವೆಂದರೆ ಅವರಿಗೆ ಪ್ರಾಣ. ತಮ್ಮ ಉಳಿತಾಯದ ದೊಡ್ಡ ಪಾಲನ್ನು ಒಂದು ಸ್ಟೀರಿಯೊ ಶಕ್ತಿವರ್ಧಕಕ್ಕಾಗಿ, ಎಂದರೆ ಅಂಗಡಿಗಳಲ್ಲಿ ಪವರ್ ಆಂಪ್ಲಿಫೈಯರ್ ಎಂದು ಕರೆಯುವ ಯಂತ್ರಕ್ಕಾಗಿ, ವೆಚ್ಚಮಾಡಲು ಅವರು ಸಿದ್ಧರಾಗಿದ್ದರು. ಅವರ ಹಳೆಯ ಟ್ರಾನ್ಸಿಸ್ಟರ್ ವರ್ಧಕವನ್ನೂ ಹೊಸದನ್ನೂ ಒಂದಾದ ಮೇಲೊಂದರಂತೆ ನುಡಿಸಿದಾಗ ನಾವೂ ಜೊತೆಗಿದ್ದೆವು. ಹೊಸದರಲ್ಲಿ ತಂಬೂರಿಯ ನಾದ ಹೆಚ್ಚು ತುಂಬಿಯೂ ಮೃದಂಗದ ಪೆಟ್ಟು ಹೆಚ್ಚು ಖಚಿತವಾಗಿಯೂ ಇದೆಯೆಂದು ಇಬ್ಬರೂ ಒಪ್ಪಿದೆವು. ಅದೃಷ್ಟವಶಾತ್, ಹಣ ತೆರುವ ಮುನ್ನ ಒಂದು ವಾರ ಅದನ್ನು ಮನೆಯಲ್ಲಿಟ್ಟುಕೊಳ್ಳಲು ಅವಕಾಶ ದೊರೆಯಿತು. ಆ ವಾರದಲ್ಲಿ ನಾವು ಕಲಿತ ಪಾಠವನ್ನು ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ.

ವರ್ಧಕದ ಕರ್ತವ್ಯ

ಧ್ವನಿಮುದ್ರಿಕೆಯನ್ನು ನುಡಿಸುವ ಯಂತ್ರದಿಂದ ಹೊರಡುವ ವಿದ್ಯುತ್ ಸಂಜ್ಞೆ ಬಹು ದುರ್ಬಲವಾದುದು. ಸ್ಪೀಕರಿನ ಶಂಕುವನ್ನು ಅಲುಗಿಸುವ ಸಾಮರ್ಥ್ಯ ಅದಕ್ಕಿಲ್ಲ. ಆ ಸಾಮರ್ಥ್ಯವನ್ನು ಒದಗಿಸುವುದೇ ಶಕ್ತಿವರ್ಧಕದ ಕೆಲಸ. ಸಂಜ್ಞೆಯ ಗಾತ್ರ ಹಿಗ್ಗಬೇಕು. ಆಕಾರ ಮಾತ್ರ ಕಿಂಚಿತ್ತೂ ಮಾರ್ಪಡಕೂಡದು. ಆದುದರಿಂದ ಒಳ್ಳೆಯ ವರ್ಧಕಕ್ಕೆ ತನ್ನದೆಂಬ ಸ್ವಂತ ದನಿ ಇರಕೂಡದು. ವೀಣೆಗೆ ದನಿ ಇರಬೇಕು, ಸ್ಪೀಕರಿಗೂ ಸ್ವಲ್ಪ ಇದ್ದೇ ಇರುತ್ತದೆ; ವರ್ಧಕದಲ್ಲಿ ಅದು ದೋಷವೇ ಸರಿ.

ಎಷ್ಟು ವಾಟ್ ಬೇಕು?

ಕೊಳ್ಳುವವರು ಮೊದಲು ಕೇಳುವುದು ವಾಟಿನ ಸಂಖ್ಯೆಯನ್ನು. ಆದರೆ ಶಕ್ತಿಯನ್ನು ಇಮ್ಮಡಿ ಮಾಡಿದರೆ ಶಬ್ದದ ಮಟ್ಟ ಏರುವುದು ೩ ಡೆಸಿಬೆಲ್ ಮಾತ್ರ. ಕಿವಿಗೆ ಎರಡರಷ್ಟು ಗಟ್ಟಿಯಾಗಿ ಕೇಳಿಸಬೇಕಾದರೆ ಸುಮಾರು ೧೦ ಡೆಸಿಬೆಲ್, ಎಂದರೆ ಹತ್ತರಷ್ಟು ಶಕ್ತಿ ಬೇಕು.

ಒಂದು ಲೆಕ್ಕ ಮಾಡಿ ನೋಡೋಣ. ನಮ್ಮ ಸ್ಪೀಕರು ೧ ವಾಟ್ ಪಡೆದಾಗ ೧ ಮೀಟರ್ ದೂರದಲ್ಲಿ ೮೭ ಡೆಸಿಬೆಲ್ ಶಬ್ದ ಕೊಡಲಿ. ನಾವು ಕುಳಿತ ಕಡೆಗೆ ಬರುವಷ್ಟರಲ್ಲಿ ೬ ಡೆಸಿಬೆಲ್ ಕಳೆದು ೮೧ ಉಳಿಯಿತೆಂದು ಇಟ್ಟುಕೊಳ್ಳೋಣ. ಮನೆಯಲ್ಲಿ ಸುಖವಾಗಿ ಕೇಳಲು ಸರಾಸರಿ ೭೫ ಡೆಸಿಬೆಲ್ ಸಾಕು. ಇದು ೬ ಡೆಸಿಬೆಲ್ ಕಡಿಮೆಯಾದುದರಿಂದ ಕಾಲು ವಾಟ್ ಮಾತ್ರವೇ ವ್ಯಯವಾಗುತ್ತದೆ! ಆದರೆ ಮೃದಂಗದ ಪೆಟ್ಟಿನ ಶಿಖರ ಸರಾಸರಿಗಿಂತ ೨೦ ಡೆಸಿಬೆಲ್ ಮೇಲೆ ಹೋಗಬಹುದು. ಆ ಕ್ಷಣಕ್ಕೆ ನೂರರಷ್ಟು, ಎಂದರೆ ೨೫ ವಾಟ್ ಬೇಕು. ವರ್ಧಕ ಅದನ್ನು ಕೊಡಲಾರದೆ ಹೋದರೆ ಅಲೆಯ ಶಿಖರ ಕತ್ತರಿಸಿದಂತಾಗಿ ನಾದ ಕರ್ಕಶವಾಗುತ್ತದೆ. ಇಂಥ ಕೋಣೆಗೆ ೫೦ ವಾಟಿನ ಯಂತ್ರವೇ ಧಾರಾಳ. ಸ್ಪೀಕರಿನ ಸೂಕ್ಷ್ಮತೆ ಕಡಿಮೆಯಿದ್ದರೆ, ಇಲ್ಲವೆ ಕೋಣೆ ವಿಶಾಲವಾಗಿದ್ದರೆ, ಹೆಚ್ಚಿನ ಶಕ್ತಿಗೆ ಅರ್ಥವುಂಟು.

ನಿಜವಾದ ಭೇದಗಳು

ಹಾಗಾದರೆ ಎಲ್ಲ ವರ್ಧಕಗಳೂ ಒಂದೇ ಎನ್ನಬಹುದೆ? ಖಂಡಿತ ಇಲ್ಲ. ಸ್ಪೀಕರಿನ ಮೇಲೆ ೮ ಓಮ್ ಎಂದು ಬರೆದಿದ್ದರೂ ಅದರ ರೋಧ ಸ್ವರದಿಂದ ಸ್ವರಕ್ಕೆ ಬದಲಾಗುತ್ತದೆ. ಒಂದು ಸ್ವರಕ್ಕೆ ೪ ಓಮ್ ಇದ್ದದ್ದು ಮತ್ತೊಂದಕ್ಕೆ ೩೦ ಆಗಬಹುದು. ವರ್ಧಕದ ಆಂತರಿಕ ರೋಧ ೨ ಓಮ್ ಇದ್ದರೆ (ಕೆಲವು ನಿರ್ವಾತನಳಿಕೆಯ ವರ್ಧಕಗಳಲ್ಲಿ ಇಷ್ಟಿರುವುದುಂಟು) ಮೊದಲ ಸ್ವರದಲ್ಲಿ ವೋಲ್ಟೇಜಿನ ಆರರಲ್ಲಿ ನಾಲ್ಕು ಪಾಲು ಮಾತ್ರ ಸ್ಪೀಕರಿಗೆ ಸಲ್ಲುತ್ತದೆ. ಎರಡನೆಯದರಲ್ಲಿ ಮೂವತ್ತೆರಡರಲ್ಲಿ ಮೂವತ್ತು ಪಾಲು. ಹೀಗೆ ಸುಮಾರು ೩ ಡೆಸಿಬೆಲ್ಲಿನ ಏರುಪೇರು ಉಂಟಾಗುತ್ತದೆ. ಇದು ಕಿವಿಗೆ ಸ್ಪಷ್ಟವಾಗಿ ತಿಳಿಯುವಂಥ ಭೇದ. ಆಂತರಿಕ ರೋಧ ೦.೦೫ ಓಮ್ ಆದಲ್ಲಿ ಏರುಪೇರು ೦.೧ ಡೆಸಿಬೆಲ್ಲನ್ನೂ ಮುಟ್ಟದು. ಈ ರೋಧವನ್ನೂ ನಾದದ ವಿಕೃತಿಯನ್ನೂ ತಗ್ಗಿಸುವ ಋಣ ಪ್ರತ್ಯಾದಾನ ಎಂಬ ಉಪಾಯವನ್ನು ೧೯೨೭ರಲ್ಲಿ ಕಂಡುಕೊಂಡವರು ಅಮೆರಿಕದ ಹೆರಾಲ್ಡ್ ಬ್ಲ್ಯಾಕ್. ಹೊರಬಂದ ಸಂಜ್ಞೆಯ ಒಂದಂಶವನ್ನು ಮತ್ತೆ ಒಳಗೆ ಕಳುಹಿಸಿ, ಮೂಲದೊಡನೆ ಹೋಲಿಸಿ, ತಪ್ಪನ್ನು ತಿದ್ದಿಕೊಳ್ಳುವುದೇ ಅದರ ತಿರುಳು.

ನಮ್ಮ ಪ್ರಯೋಗ

ನಾವು ಮಿತ್ರರ ಮನೆಯಲ್ಲಿ ಮೊದಲು ಸ್ಪೀಕರಿನ ತುದಿಗಳಿಗೆ ವೋಲ್ಟ್‌ಮೀಟರನ್ನು ಜೋಡಿಸಿ, ಸೆಕೆಂಡಿಗೆ ೩೦೦ ಕಂಪನಗಳ ಶುದ್ಧ ಸ್ವರವೊಂದನ್ನು ನುಡಿಸಿದೆವು. ನಿಯಂತ್ರಕವನ್ನು ಅಲುಗಿಸದಿದ್ದರೂ ಹಳೆಯದು ೨.೫೫ ವೋಲ್ಟ್ ತೋರಿಸಿತು, ಹೊಸದು ೨.೮೩. ಎಂದರೆ ಹೊಸದು ಸುಮಾರು ೦.೯ ಡೆಸಿಬೆಲ್ ಗಟ್ಟಿಯಾಗಿ ನುಡಿಯುತ್ತಿತ್ತು! ಇಂಥ ಅಲ್ಪ ಹೆಚ್ಚಳವನ್ನು ಕಿವಿ 'ಗಟ್ಟಿ' ಎಂದು ಗ್ರಹಿಸುವುದಿಲ್ಲ. 'ತುಂಬಿದೆ', 'ಸ್ಫುಟವಾಗಿದೆ' ಎಂದು ಗ್ರಹಿಸುತ್ತದೆ. ನಾವು ಮೆಚ್ಚಿದ ತಂಬೂರಿಯ ಗುಟ್ಟು ಇದೇ ಇರಬಹುದೆ?

ಹೊಸದರ ಸಂಜ್ಞೆಯನ್ನು ತಗ್ಗಿಸಿ, ಎರಡರ ವೋಲ್ಟೇಜನ್ನೂ ನೂರಕ್ಕೆ ಒಂದರೊಳಗೆ ಸರಿದೂಗಿಸಿದೆವು. ಎರಡು ವರ್ಧಕಗಳ ಹೊರತುದಿಗಳು ಎಂದಿಗೂ ಒಂದನ್ನೊಂದು ಮುಟ್ಟದಂಥ ಸ್ವಿಚ್ಚೊಂದನ್ನು ಅಳವಡಿಸಿದೆವು. ಮುಟ್ಟಿದರೆ ಎರಡೂ ಸುಟ್ಟಾವು. ಅವರ ಮಗಳು ಪರದೆಯ ಹಿಂದೆ ನಾಣ್ಯ ಚಿಮ್ಮಿ, ಬಿದ್ದ ಮುಖದಂತೆ ಒಂದನ್ನು ಆರಿಸಿ ನುಡಿಸುವುದು, ನಾವು ಯಾವುದೆಂದು ಬರೆಯುವುದು. ಹೀಗೆ ೧೬ ಸಲ. ಬರಿಯ ಊಹೆಯಿಂದ ಎಂಟು ಉತ್ತರ ಸರಿಯಾಗುವುದು ಸಹಜ. ಹನ್ನೆರಡು ಅಥವಾ ಹೆಚ್ಚು ಸರಿಯಾಗುವ ಸಂಭವ ನೂರಕ್ಕೆ ನಾಲ್ಕಕ್ಕಿಂತ ಕಡಿಮೆ; ಅಷ್ಟು ಬಂದರೆ ಭೇದವುಂಟೆಂದು ನಂಬಬಹುದು. ಮಿತ್ರರಿಗೆ ಒಂಬತ್ತು ಬಂದವು. ಭೌತಶಾಸ್ತ್ರ ಬೋಧಿಸುವ ನಮಗೆ ಏಳು!

ಇದು ನಮ್ಮಿಬ್ಬರದೇ ಅನುಭವವಲ್ಲ. ಇಂಗ್ಲೆಂಡಿನ ಕ್ವಾಡ್ ಸಂಸ್ಥೆಯವರು ತಮ್ಮವೇ ಆದ ಮೂರು ವರ್ಧಕಗಳನ್ನು ಇಂಥ ಗುಪ್ತ ಪರೀಕ್ಷೆಗೆ ಒಡ್ಡಿದರು: ೧೯೫೩ರ ನಿರ್ವಾತನಳಿಕೆಯ ಕ್ವಾಡ್ ೨, ೧೯೬೭ರ ೩೦೩, ೧೯೭೫ರ ೪೦೫. ಕೇಳುಗರು ಅವನ್ನು ಬೇರ್ಪಡಿಸಿ ಗುರುತಿಸಲಾರದೆ ಹೋದರೆಂಬ ವರದಿ ೧೯೭೮ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ ಪ್ರಕಟವಾಯಿತು. ನಿರ್ವಾತನಳಿಕೆಯದಾದರೂ ಚೆನ್ನಾಗಿ ರಚಿಸಿ, ಶಕ್ತಿಯ ಮಿತಿಯೊಳಗೆ ದುಡಿಸಿದರೆ ಭೇದ ಅಡಗುತ್ತದೆಂದಾಯಿತು.

ಕೊಳ್ಳುವವರಿಗೆ ಸೂಚನೆ

ಹೆಚ್ಚಿನ ಬೆಲೆಗೆ ಏನೂ ಫಲವಿಲ್ಲವೆಂದು ನಾವು ಹೇಳುವುದಿಲ್ಲ. ಸ್ಪೀಕರಿನ ರೋಧ ೪ ಓಮಿಗೆ ಇಳಿದಾಗಲೂ ಯಂತ್ರ ದಣಿಯದೆ ದುಡಿಯುವುದೆ? ಪೂರ್ಣ ಶಕ್ತಿಯಲ್ಲಿ ಮಾತ್ರವಲ್ಲದೆ ಒಂದು ವಾಟಿನಲ್ಲಿಯೂ ವಿಕೃತಿ ಅಲ್ಪವಾಗಿದೆಯೆ? ಅಲೆಯ ಧನ ಭಾಗವನ್ನು ಒಂದು ಟ್ರಾನ್ಸಿಸ್ಟರಿನಿಂದಲೂ ಋಣ ಭಾಗವನ್ನು ಇನ್ನೊಂದರಿಂದಲೂ ನಡೆಸುವ ವರ್ಧಕಗಳಲ್ಲಿ, ಕೆಲಸ ಕೈಬದಲಾಗುವ ಸಂಧಿಯ ದೋಷ ಮೆಲುದನಿಯಲ್ಲೇ ಹೆಚ್ಚು ಬಾಧಿಸುತ್ತದೆ. ಸಂಗೀತವಿಲ್ಲದಾಗ ಸ್ಪೀಕರಿಗೆ ಕಿವಿಗೊಟ್ಟರೆ ಗುಂಯ್‌ಗುಡುವ ಸದ್ದು ಕೇಳುವುದೆ? ಕೆಟ್ಟರೆ ದುರಸ್ತಿ ಮಾಡುವವರು ಸಮೀಪದಲ್ಲುಂಟೆ? ಇಂಥ ಪ್ರಶ್ನೆಗಳಿಗೆ ತೃಪ್ತಿಕರವಾದ ಉತ್ತರ ದೊರೆತರೆ ಬೆಲೆ ಸಾರ್ಥಕ.

ನಮ್ಮ ಮಿತ್ರರ ಹಳೆಯ ವರ್ಧಕ ಇವೆಲ್ಲದರಲ್ಲೂ ತೇರ್ಗಡೆಯಾಯಿತು. ಅವರ ಮುಖದಲ್ಲಿ ಮೊದಲು ಮೂಡಿದ್ದು ಸಂತೋಷವಲ್ಲ, ತುಸು ಖಿನ್ನತೆ. ಹೊಸದರ ಆಸೆ ಅಷ್ಟು ಸುಲಭವಾಗಿ ಬಿಡುವುದಿಲ್ಲ. ಮಾರನೆಯ ದಿನ ಅವರು ಅದನ್ನು ಹಿಂದಿರುಗಿಸಿದರು. ಬಳಿಕ ಗೋಡೆಗೆ ಒತ್ತಿದ್ದ ಸ್ಪೀಕರುಗಳನ್ನು ನಾವೇ ಎರಡಡಿ ಮುಂದಕ್ಕೆ ಸರಿಸಿ, ಎದುರಿನ ಬರಿಗೋಡೆಗೆ ದಪ್ಪನೆಯ ಜಮಖಾನೆಯನ್ನು ಇಳಿಬಿಟ್ಟೆವು. ಕೋಣೆಯ ಗೋಡೆಗಳಿಂದ ಮಂದ್ರಸ್ವರಗಳಲ್ಲಿ ೧೦ ಡೆಸಿಬೆಲ್ಲಿಗೂ ಮೀರಿದ ಏರುಪೇರು ಆಗುವುದು ಸಾಮಾನ್ಯ. ಅದರ ಮುಂದೆ ಒಳ್ಳೆಯ ವರ್ಧಕಗಳ ನಡುವಿನ ಭೇದ ಯಾವ ಲೆಕ್ಕ? ಈ ಸಲದ ಬದಲಾವಣೆಯನ್ನು ಗುರುತಿಸಲು ಪರದೆಯಾಗಲಿ ನಾಣ್ಯವಾಗಲಿ ಬೇಕಾಗಲಿಲ್ಲ. ಕಿವಿಯನ್ನು ಹೀಗಳೆಯುವುದು ನಮ್ಮ ಅಭಿಪ್ರಾಯವಲ್ಲ. ಕಿವಿ ಸೂಕ್ಷ್ಮವಾದ ಸಾಕ್ಷಿಯೇ ಹೌದು. ಆದರೆ ಬೆಲೆಯ ಚೀಟಿಯನ್ನು ತೋರಿಸಿ ಸಾಕ್ಷ್ಯ ಕೇಳಬಾರದು, ಅಷ್ಟೆ.